ಪಾಯಖಾನೆಯ ಪೂಜೆ

"ಆ ಹಾಳಿನೂ ಗಟ್ಟಿಯಾಗಿ ಓದ್ರಿ," ಎಂದಳು ನೀಲಾ, ತಪಾಸಣೆಯ ಸಾಹೇಬರ ಕೈಯಲ್ಲಿದ್ದ ಕಡತ ತೋರಿಸಿ. ಶಾಲೆಯ ಅಂಗಳದಲ್ಲಿ ಕೂಡಿದ ಗ್ರಾಮಸಭೆಯಲ್ಲಿ ಅವಳು ಅಷ್ಟು ಗಂಡಸರ ಮುಂದೆ ಎದ್ದು ನಿಂತಿದ್ದಳು. ಶಾಲೆಯ ಸಮಿತಿಗೆ ಅವಳೇ ಅಧ್ಯಕ್ಷೆ. ಬಾಯಿಲ್ಲದವಳು, ತಂಟೆ ಮಾಡುವುದಿಲ್ಲ ಎಂಬ ಧೈರ್ಯದಿಂದಲೇ ಊರಿನವರು ಅವಳನ್ನು ಆರಿಸಿದ್ದರು ಅನ್ನಿ.

ಆ ಬಾಯಿ ತೆರೆಸಿದ್ದು ಹುಡುಗಿಯರ ಪಾಯಖಾನೆ. ಗೋಡೆಗೆ ಗುಲಾಬಿ ಬಣ್ಣ, ಬಾಗಿಲಿಗೆ ಚಿಲಕ, ಎಲ್ಲ ಇತ್ತು. ಕೆಳಗೆ ಗುಂಡಿ ಮಾತ್ರ ಇರಲಿಲ್ಲ. ಎರಡನೇ ದಿನವೇ ಹೊಲಸು ಮೇಲೆ ಉಕ್ಕಿ, ಬಾಗಿಲಿಗೆ ಕೀಲಿ ಬಿತ್ತು. ಹುಡುಗಿಯರು ಮತ್ತೆ ಗುಂಪು ಕಟ್ಟಿಕೊಂಡು ಶಾಲೆಯ ಹಿಂದಿನ ಜಾಲಿಕಂಟಿಯ ಮರೆಗೇ ಹೋಗತೊಡಗಿದರು; ಇಬ್ಬರು ಕುಂತರೆ ಇಬ್ಬರು ಕಾವಲು. ನೀಲಾಳ ಮಗಳು ರೋಜಾ ದೊಡ್ಡವಳಾಗಿ ಎರಡು ತಿಂಗಳಾಗಿತ್ತು. "ನಾ ಇನ್ನ ಶಾಲಿಗೆ ಹೋಗಂಗಿಲ್ಲ" ಎಂದು ಅವಳು ಹಟ ಹಿಡಿದ ದಿನ ನೀಲಾ, ಇದನ್ನು ಸರಿಮಾಡಿಸುತ್ತೇನೆ ಎಂದು ಅವಳನ್ನು ಒಪ್ಪಿಸಿ ಶಾಲೆಗೆ ಕಳಿಸಿ, ತಾನು ಗದಗಿನ ಬಸ್ಸು ಹತ್ತಿದಳು. ಇಂಥ ಕೆಲಸವನ್ನು ಪಾಸು ಮಾಡಿದವರು ಯಾರು, ಕಾಗದ ತೋರಿಸಿ ಎಂದು ಅರ್ಜಿ ಕೊಟ್ಟಳು. ನಾಲ್ಕು ಸಲ ಎಡತಾಕಿದ ಮೇಲೆ ತಪಾಸಣೆಯ ಸಾಹೇಬರು ಕಡತ ಹಿಡಿದು ಊರಿಗೇ ಬಂದರು.

ಗುತ್ತಿಗೆದಾರ ಸೋಮೇಶ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಮುಖದಲ್ಲಿ ಅಂಜಿಕೆಯ ಎಳೆಯೂ ಇರಲಿಲ್ಲ. ನೀಲಾಳಿಗೆ ಆಗಲೇ ಹೊಳೆಯಬೇಕಿತ್ತು.

ಸಾಹೇಬರು ಓದಿದರು. ಗುಂಡಿಯ ಆಳ ಇಷ್ಟು, ನಳ ಎರಡು, ಎಲ್ಲವನ್ನೂ ಸ್ಥಳದಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ, ಕೆಲಸ ಸರಿಯಾಗಿದೆ ಎಂದಿತ್ತು ಹಾಳೆ; ಕೆಳಗೊಂದು ಸಹಿ. ಆಮೇಲೆ ಹಾಳೆಯನ್ನು ಅವಳ ಕಡೆ ತಿರುಗಿಸಿದರು. "ಇದು ನಿಮ್ಮ ಸಹಿ ಹೌದಲ್ರಿ?"

ಅವಳದೇ. ಉದ್ಘಾಟನೆಯ ದಿನ ಬಾಗಿಲಿಗೆ ತೋರಣ ಕಟ್ಟಿ, ಅವಳಿಗೆ ಶಾಲು ಹೊದಿಸಿ, ಅವಳ ಕೈಯಿಂದಲೇ ಕಾಯಿ ಒಡೆಸಿದ್ದರು. ಅರಿಷಿಣ ಕುಂಕುಮ ಹಚ್ಚಿದ ಹೊಸ್ತಿಲು ದಾಟಿ ಗುಂಡಿ ಹುಡುಕುವ ಬುದ್ಧಿ ಯಾವ ಹೆಣ್ಣುಮಗಳಿಗೆ ಬಂದೀತು? ಮಂಗಳಾರತಿಯಾದ ಮೇಲೆ ಸೋಮೇಶ ಪುಸ್ತಕ ಹಿಡಿದು ಬಂದು, ಪೂಜೆಗೆ ಬಂದವರ ಹೆಸರು ಬರೆಸುತ್ತಿದ್ದೇವೆ, ಮೊದಲು ನಿಮ್ಮದೇ ಇರಲಿ ಎಂದಿದ್ದ. ಹಾಳೆಯಲ್ಲಿ ಏನಿದೆ ಎಂದು ಓದದೆ, ಹಿಗ್ಗಿನಿಂದ ದೊಡ್ಡದಾಗಿಯೇ ಸಹಿ ಮಾಡಿದ್ದಳು.

"ಅದು ಪೂಜಿ ಪುಸ್ತಕ್ರಿ," ಎಂದಳು. ಜನ ನಕ್ಕರು.

"ಅಕ್ಕಾರ, ಪಾಯಖಾನಿಗೆ ಎಲ್ಲೆರ ಪೂಜಿ ಪುಸ್ತಕ ಇರತೈತೇನ್ರಿ?" ಎಂದ ಸೋಮೇಶ, ಬಹಳ ಮೆತ್ತಗೆ.

ಸಾಹೇಬರು ಕೆಟ್ಟವರಲ್ಲ, ಲಂಚ ಮುಟ್ಟುವವರೂ ಅಲ್ಲ. ಕೇಡು ಬಂದದ್ದೇ ಅದರಿಂದ. "ಯಾರು ಹೊಣಿ ಅಂತ ನೀವ ಕೇಳಿದ್ರಿ. ಕಾಗದ ಹೇಳಿತು," ಎಂದು ಠರಾವು ಬರೆಸಿದರು. ಅಧ್ಯಕ್ಷೆಯೇ ಹೊಣೆ, ಅವಳ ಮೇಲೆ ವಿಚಾರಣೆ. ಅದು ಮುಗಿಯುವ ತನಕ ಪಾಯಖಾನೆಯನ್ನು ಯಾರೂ ಮುಟ್ಟುವಂತಿಲ್ಲ, ರಿಪೇರಿಯೂ ಇಲ್ಲ. ಒಪ್ಪಿದವರು ಕೈ ಎತ್ತಿ ಎಂದರು.

ಗಂಡಸರು ಎತ್ತಿದರು. ಅದು ನೀಲಾಳಿಗೆ ಅಷ್ಟು ಚುಚ್ಚಲಿಲ್ಲ. ಆಮೇಲೆ ತಿಪ್ಪವ್ವ ಎತ್ತಿದಳು. ಅವಳ ಮಗಳೂ ರೋಜಾಳೂ ಒಂದೇ ಬೆಂಚಿನವರು. "ನಮ್ಮ ಹುಡುಗ್ಯಾರನ್ನ ಕಂಟಿಗೆ ಅಟ್ಟಿದಾಕಿ ನೀನ ಏನವ್ವ," ಎಂದಳು. ಅವಳ ಹಿಂದೆ ಉಳಿದ ತಾಯಂದಿರ ಕೈಗಳೂ ಎದ್ದವು.

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಹುಡುಗಿಯರು ಎಂದಿನಂತೆ ಗುಂಪಾಗಿ ಜಾಲಿಕಂಟಿಯ ಕಡೆ ಹೊರಟರು. ರೋಜಾ ಹಿಂದಿನಿಂದ ಓಡಿಬಂದು ಕೂಗಿದಳು, ತಾನೂ ಬರುತ್ತೇನೆ ಎಂದಳು. ಯಾರೂ ನಿಲ್ಲಲಿಲ್ಲ. ತಿಪ್ಪವ್ವನ ಮಗಳು ಒಮ್ಮೆ ತಿರುಗಿ ನೋಡಿ, ಉಳಿದವರ ಜೊತೆ ಹೆಜ್ಜೆ ಹಾಕಿದಳು.

ರೋಜಾ ಸ್ವಲ್ಪ ಹೊತ್ತು ಬಯಲಿನಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಪಾಟಿಚೀಲ ಹೆಗಲಿಗೇರಿಸಿಕೊಂಡು ಬಂದು, ಸಭೆಯ ಕಡೆ ನೋಡದೆ ಮನೆಯ ದಾರಿ ಹಿಡಿದಳು. ಶಾಲೆ ಬಿಡಲು ಇನ್ನೂ ಎರಡು ತಾಸಿತ್ತು.