ಎಣ್ಣೆ ಎತ್ತಿದ ನೇಗಿಲು

“ಏನೋ ಮುಂಡೇದೆ, ನನ್ನ ಟ್ರ್ಯಾಕ್ಟರಿಗೆ ಊರುಗೋಲು ಕೊಡ್ತೀಯೇನೋ? ಅದೇನು ನಿಮ್ಮಪ್ಪನ ಹಾಗೆ ಮುದಿಬಿದ್ದಿದೆಯೇನೋ?”

ಊರಿನ ಜಮೀನಿನ ಒಡೆಯರಾದ ಜೋಡಿದಾರ ವೆಂಕಟರಾಮಯ್ಯನವರ ಕೂಗಿಗೆ ಆಳು ಚಿಕ್ಕಮಾದು ಬೆಚ್ಚಿಬಿದ್ದು, ಕೈಯಲ್ಲಿದ್ದ ಜಾಲಿಮರದ ತುಂಡನ್ನು ಎದೆಗವಚಿಕೊಂಡು ನಿಂತ. ಮೇಲಕ್ಕೆತ್ತಿ ನಿಲ್ಲಿಸಿದ್ದ ನೇಗಿಲಿನ ಕೆಳಗೆ ಅದನ್ನು ಆನಿಸಿ, ಅದರ ಮೊನೆಯ ಗುಳಕ್ಕೆ ಮೆತ್ತಿದ್ದ ಜೇಡಿಮಣ್ಣು ಕೀಳಬೇಕೆಂದಿದ್ದ. ಗಾಡಿಯ ಕೆಳಗೆ ನುಗ್ಗುವ ಮೊದಲು ಮರ ಆನಿಸಬೇಕೆಂದು ಅವನ ಅಪ್ಪ ಕಲಿಸಿದ್ದ. ಟ್ರ್ಯಾಕ್ಟರ್ ನೋಡಲೆಂದೇ ಮದ್ದೂರಿನಿಂದ ಬಂದಿದ್ದ ದೊಡ್ಡಮನುಷ್ಯರು ಬದುವಿನ ಮೇಲೆ ನಿಂತು ನಕ್ಕರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ಚಿಕ್ಕರಸಿನಕೆರೆ ದಾರಿಯ ಕಬ್ಬಿನ ಗದ್ದೆಗೆಂದು ಜೋಡಿದಾರರು ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದಿದ್ದ ಹಳೇ ಟ್ರ್ಯಾಕ್ಟರು. ಅದರ ಹೊಟ್ಟೆಯಲ್ಲೊಂದು ಪಂಪು. ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ, ಹಿಂದಿನ ಎರಡು ಕಬ್ಬಿಣದ ತೋಳುಗಳು ಮೇಲೇಳುತ್ತವೆ. ತೋಳಿಗೆ ನೇಗಿಲು ಕಟ್ಟಿದರೆ ನೇಗಿಲು, ಮಣ್ಣೆಳೆಯುವ ಹಲಗೆ ಕಟ್ಟಿದರೆ ಹಲಗೆ. ನಾಲ್ಕಾಳು ಹೊರಲಾರದ್ದನ್ನು ಒಂದು ಹಿಡಿ ಎಳೆದರೆ ಎತ್ತಿ ನಿಲ್ಲಿಸುತ್ತದೆ. ಆ ಹಿಡಿ ಎಳೆಯುವ ವಿದ್ಯೆ ಸುತ್ತ ಹತ್ತೂರಿನಲ್ಲಿ ಗೊತ್ತಿದ್ದವನು ಮದ್ದೂರು ಪೇಟೆಯ ಮೆಕ್ಯಾನಿಕ್ ಅಫ್ಸರ್ ಪಾಷಾ ಒಬ್ಬನೇ.

“ಏನಯ್ಯಾ ಸಾಬಿ, ಬೇಕೇನಯ್ಯಾ ಇದಕ್ಕೆ ಊರುಗೋಲು?” ಎಂದು ಜೋಡಿದಾರರು ಸೀಟಿನ ಮೇಲಿದ್ದ ಅವನನ್ನು ಕೇಳಿದರು.

ಬೇಕು ಎನ್ನಬೇಕಿತ್ತು. ಎಣ್ಣೆ ಸೋರದಂತೆ ತಡೆಯುವ ಪಿಸ್ಟನ್ನಿನ ವಾಷರು ಸವೆದಿದೆ, ಬೆಂಗಳೂರಿನಿಂದ ಹೊಸದು ತರಿಸಬೇಕು ಎಂದು ಅಫ್ಸರ್ ಹೇಳಿದಾಗ, “ಕಬ್ಬಿನ ನಾಟಿ ನಿನಗೋಸ್ಕರ ಕಾಯುತ್ತೇನಯ್ಯಾ? ಏನಾದರೂ ಹಾಕಿ ಓಡಿಸು” ಎಂದವರು ಇದೇ ಜೋಡಿದಾರರು. ಅವನು ಹಳೇ ಮಿಲಿಟರಿ ಬೂಟಿನ ತೊಗಲು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಹಾಕಿದ್ದ. ಆದರೆ ಈಗ ಅಷ್ಟು ಜನ ದೊಡ್ಡವರು ಅವನ ಬಾಯನ್ನೇ ನೋಡುತ್ತಿದ್ದರು. ಜೀವಮಾನದಲ್ಲಿ ಅವನನ್ನು ಹಾಗೆ ಯಾರು ನೋಡಿದ್ದರು? ಎದೆ ಉಬ್ಬಿಹೋಯಿತು. ಸೀಟಿನಿಂದಿಳಿದು ಬಂದವನೇ ಮಾದುವಿನ ಕೈಯಿಂದ ಮರದ ತುಂಡು ಕಸಿದು ಬದುವಿನಾಚೆ ಎಸೆದ.

“ಬ್ಯಾಡ ಸ್ವಾಮಿ. ಎಣ್ಣೆ ಎತ್ತಿದ್ದು ಎಂಟು ದಿನ ಆದ್ರೂ ಇಳಿಯಾಕಿಲ್ಲ. ನುಗ್ಗಲಾ ಮಾದ, ಎತ್ತಾದ್ರೂ ಒದ್ದಾತು, ಇದು ಒದೆಯಾಕಿಲ್ಲ.”

ಎಲ್ಲರೂ ನಕ್ಕರು. ಮಾದುವೂ ನಕ್ಕ. ನಗುನಗುತ್ತಲೇ ನೇಗಿಲಿನ ಕೆಳಗೆ ಕೈ ಹಾಕಿದ. ಅವತ್ತು ಏನೂ ಆಗಲಿಲ್ಲ.

ಆದದ್ದು ನಾಲ್ಕನೇ ದಿನ. ಒಂದು ಗಂಟೆ ಉತ್ತರೆ ಎಣ್ಣೆ ಕಾದು ನೀರಿನ ಹಾಗಾಗುತ್ತದೆ, ಎತ್ತಿ ನಿಲ್ಲಿಸಿದ ನೇಗಿಲು ಮೊದಲು ಬೆರಳು ಬೆರಳಾಗಿ ಇಳಿಯುತ್ತದೆ, ಆಮೇಲೆ ಒಮ್ಮೆಲೇ ಬಿಟ್ಟುಬಿಡುತ್ತದೆ. ಇದನ್ನು ಅಫ್ಸರ್ ಎರಡನೇ ದಿನವೇ ಕಂಡಿದ್ದ. ಕಂಡೂ ಕಾಣದವನ ಹಾಗಿದ್ದ. ಹೇಳಿದರೆ ಎಂಟು ದಿನ ಆದರೂ ಇಳಿಯಾಕಿಲ್ಲ ಎಂದ ಜಂಬ ಏನಾಗಬೇಕು? ಆ ಮಧ್ಯಾಹ್ನ ನೇಗಿಲು ಎತ್ತಿ ಎಂಜಿನ್ನು ನಿಲ್ಲಿಸಿ, ಗುಳದ ಮಣ್ಣು ಕೀಳಲು ಮಾದುವನ್ನು ಬಿಟ್ಟು, ಬೀಡಿ ಹಚ್ಚಲು ನಾಲೆಯ ಏರಿಗೆ ಹೋದ. ಬೀಡಿಗೆ ಬೆಂಕಿ ತಾಗುವ ಮೊದಲೇ ಕೂಗು ಕೇಳಿಸಿತು. ಓಡಿಬಂದು ನೋಡಿದರೆ ಗುಳ ಮಾದುವಿನ ಎಡಗಾಲನ್ನು ಮಣ್ಣಿಗೆ ಹೂತಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೆಳಗೆ ತೆಗೆದರು.

ವಾರ ಕಳೆಯುವುದರೊಳಗೆ ಜೋಡಿದಾರರು ಒಂದು ಕಾಗದ ಹಿಡಿದು ಅಫ್ಸರನ ಅಂಗಡಿಗೇ ಬಂದರು. “ಡಾಕ್ಟರು ತಾಲೂಕಿನ ಅಮಲ್ದಾರರಿಗೆ ಬರೆದಿದ್ದಾನಂತೆ, ವಿಚಾರಣೆ ಇದೆ. ಆ ಹೊಲೆಯ ಮಾದ ಕುಡಿದಿದ್ದ, ತಾನೇ ಹಿಡಿ ಎಳೆದ, ಬಿತ್ತು. ರುಜು ಹಾಕು.”

“ಮಾದು ಕುಡಿಯೋನಲ್ಲ ಸ್ವಾಮಿ.”

“ಹಾಗಾದರೆ ತೊಗಲು ಹಾಕಿದವನು ಯಾರು ಅಂತ ಬರೆಸಲೇನೋ? ನಿನ್ನ ಅಂಗಡಿ ನಿಂತಿರೋ ಜಾಗ ಯಾರದ್ದೋ?”

ಅಫ್ಸರ್ ಕೈಯ ಗ್ರೀಸು ಒರೆಸಿಕೊಂಡು ರುಜು ಹಾಕಿದ. ಅಂದಿನಿಂದ ಹೆಂಡತಿ ಸುಲ್ತಾನ್ ಬೀ ಬಡಿಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದ. ನಮಾಜಿಗೆ ನಿಂತರೂ ಮಾದು ನಕ್ಕ ನಗುವೇ ಕಣ್ಣಿಗೆ ಕಟ್ಟುತ್ತಿತ್ತು.

ಮಾದು ಆಸ್ಪತ್ರೆಯಿಂದ ಬಂದ ದಿನ ಅಫ್ಸರ್ ಬನ್ನಿನ ಪೊಟ್ಟಣ ಹಿಡಿದು ಅವನ ಗುಡಿಸಲಿಗೆ ಹೋದ. ಮಾದುವಿನ ಹೆಂಡತಿ ದೇವೀರಿ ಪೊಟ್ಟಣ ಮುಟ್ಟಲಿಲ್ಲ.

“ಕುಡ್ದಿದ್ನಂತೆ? ಕಾಗ್ದಕ್ಕೆ ನೀನೇ ರುಜು ಆಕಿದ್ದೀಯಂತೆ? ಗುಡ್ಲು ಬುಡ್ರಿ ಅಂತ ಆಗ್ಲೇ ಏಳಿ ಕಳ್ಸವ್ರೆ. ಕುಡ್ಕರ್‌ಗೆ ಜಾಗ ಇಲ್ವಂತೆ. ಈ ಕುಂಟನ್ನ ಎಲ್ಲಿ ಒತ್ಕೊಂಡೋಗ್ಲಿ? ನಿನ್ ಮನೇಲಿ ಮಡಿಕತೀಯಾ?”

“ಸುಮ್ಕಿರಮ್ಮಿ,” ಎಂದ ಮಾದು, ಚಾಪೆಯ ಮೇಲಿಂದ. “ಸಾಬ್ರೇನ್ ಮಾಡಾರು? ನನ್ ಅಣೇಬರ. ಕುಂತ್ಕಳಿ ಸಾಬ್ರೆ.”

ಆ ‘ಕುಂತ್ಕಳಿ’ಗಿಂತ ದೇವೀರಿ ಇನ್ನೂ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಮರ ಕಸಿದು ಎಸೆದದ್ದು ತಾನು, ಎಣ್ಣೆ ಜಾರುವುದನ್ನು ಕಂಡು ಬಾಯಿ ಹೊಲಿದುಕೊಂಡದ್ದು ತಾನು, ರುಜು ತನ್ನದು. ಇಷ್ಟನ್ನೂ ಅಲ್ಲೇ ಹೇಳಿಬಿಡಬೇಕೆಂದು ಅಫ್ಸರನಿಗೆ ಅನಿಸಿತು. ಹೇಳಲಾಗಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಗಿ, ಕೂರದೆ ಹೊರಟುಬಂದ.

ವಿಚಾರಣೆ ಗದ್ದೆಯಲ್ಲೇ ನಡೆಯಿತು. ಬೆಳಿಗ್ಗೆಯೇ ಅಮಲ್ದಾರರು ಕುರ್ಚಿ ಹಾಕಿಸಿಕೊಂಡು ಕೂತರು, ಒಬ್ಬ ಜವಾನ ಕೊಡೆ ಹಿಡಿದ. ಮಾದುವನ್ನು ದೇವೀರಿ ಬೆನ್ನ ಮೇಲೆ ಹೊತ್ತು ತಂದು ಬದುವಿನ ಕೆಳಗೆ ಇಳಿಸಿದಳು. ಅಫ್ಸರ್ ಎಂಜಿನ್ನು ಶುರುಮಾಡಿ, ನೇಗಿಲು ಎತ್ತಿ, ಎಂಜಿನ್ನು ನಿಲ್ಲಿಸಿದ. ವೆಂಕಟರಾಮಯ್ಯನವರು ಜೇಬಿನ ಗಡಿಯಾರ ಹಿಡಿದು ಎಣಿಸಿದರು. ಕಾಲು ಗಂಟೆಯಾದರೂ ನೇಗಿಲು ಅಲುಗಲಿಲ್ಲ.

“ನೋಡಿದಿರಲ್ಲ. ಮಿಷನ್ನು ಗಟ್ಟಿಯಾಗಿದೆ. ಕುಡುಕ ಮುಂಡೇದು ಹಿಡಿ ಎಳೆದದ್ದೇ ಸರಿ.”

ಅಮಲ್ದಾರರು ಪೆನ್ನು ತೆಗೆದರು.

“ಎಣ್ಣೆ ತಣ್ಣಗದೆ ಸ್ವಾಮಿ,” ಎಂದ ಅಫ್ಸರ್. “ಕಾಯ್ಲಿ.”

“ಏನಂದೆಯೋ?” ಎಂದರು ಜೋಡಿದಾರರು.

ಅವನು ಮತ್ತೆ ಎಂಜಿನ್ನು ಶುರುಮಾಡಿ, ನೇಗಿಲು ಇಳಿಸಿ, ಯಾರ ಅಪ್ಪಣೆಯನ್ನೂ ಕೇಳದೆ ಗದ್ದೆಗೆ ಹೊಡೆದ. ಜೋಡಿದಾರರು ಬದುವಿನುದ್ದಕ್ಕೂ ಕೂಗುತ್ತಾ ಓಡಿದರು. ಟ್ರ್ಯಾಕ್ಟರಿನ ಸದ್ದಿನಲ್ಲಿ ಆ ಕೂಗು ಯಾರಿಗೂ ಕೇಳಿಸಲಿಲ್ಲ. ಬಿಸಿಲೇರಿತು, ಅಮಲ್ದಾರರು ಕೊಡೆಯ ಕೆಳಗೇ ಕಾದು ಕೂತರು. ಒಂದು ಗಂಟೆ ಉತ್ತು, ತಂದು ಅದೇ ಜಾಗದಲ್ಲಿ ನಿಲ್ಲಿಸಿ, ನೇಗಿಲು ಎತ್ತಿ ಎಂಜಿನ್ನು ಆರಿಸಿದ.

ನೇಗಿಲು ಒಂದು ಬೆರಳು ಇಳಿಯಿತು. ಮತ್ತೊಂದು ಬೆರಳು.

“ತೊಗಲಿನ ವಾಷರು ಸ್ವಾಮಿ. ಆಕ್ದೋನು ನಾನು. ಆಕ್ಸಿದೋರು ಇವ್ರು. ಮರ ಆನಿಸಾಕೆ ಬಂದ ಮಾದೂನ್ನ ಬೈದೋರು ಇವ್ರು, ಮರ ಕಿತ್ಕೊಂಡು ಬಿಸಾಕ್ದೋನು ನಾನು. ಜಾರ್ತದೆ ಅಂತ ಗೊತ್ತಿದ್ದೂ ಏಳ್ನಿಲ್ಲ. ಮಾದು ಕುಡ್ದಿರ್ನಿಲ್ಲ. ನಾ ಸುಳ್ಳು ರುಜು ಆಕಿವ್ನಿ. ಎಲ್ಲಾನೂ ಬರ್ಕೊಳಿ.”

ಅಮಲ್ದಾರರು ವೆಂಕಟರಾಮಯ್ಯನವರ ಮುಖ ನೋಡಿದರು. ವೆಂಕಟರಾಮಯ್ಯನವರು ಶಲ್ಯ ಸರಿಮಾಡಿಕೊಂಡರು.

“ರುಜು ಹಾಕಿದ ಹೇಳಿಕೆ ಇದೆಯಲ್ಲಯ್ಯಾ,” ಎಂದರು ಅಮಲ್ದಾರರು. “ದಿನಕ್ಕೊಂದು ಬರೆಯೋಕೆ ಇದೇನು ಹುಡುಗಾಟವೇ?” ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡು ಕುರ್ಚಿಯಿಂದ ಅರ್ಧ ಎದ್ದರು.

ಆಗ ದೇವೀರಿ ಚೀರಿದಳು. ಎಲ್ಲರೂ ತಿರುಗಿ ನೋಡಿದರು. ಮಾದು ಕುಂಡಿಯ ಮೇಲೆ ತೆವಳಿಕೊಂಡು ಟ್ರ್ಯಾಕ್ಟರಿನ ಹಿಂದಕ್ಕೆ ಬಂದಿದ್ದ. ಉಳಿದಿದ್ದ ಒಂದೇ ಕಾಲನ್ನು ನೇಗಿಲಿನ ಗುಳದ ಕೆಳಗೆ ನೀಟಾಗಿ ಚಾಚಿದ.

“ಕುಡ್ದಿರ್ನಿಲ್ಲ ಅಂತ ಬರೀರಿ ಬುದ್ಧಿ. ಅಷ್ಟೇಯ ನಾ ಕೇಳಾದು. ಬರ್ಯೋಗಂಟ ಈ ಕಾಲ ತಗ್ಯಕ್ಕಿಲ್ಲ.”

“ಎಳೀರೋ ಅವನನ್ನ!” ಎಂದರು ಜೋಡಿದಾರರು. ಅವನನ್ನು ಮುಟ್ಟಿ ಎಳೆಯಲು ಜವಾನನೂ ಮುಂದೆ ಬರಲಿಲ್ಲ, ಅವರೂ ಬರಲಿಲ್ಲ. ಓಡಿ ಬಂದ ದೇವೀರಿಯನ್ನು ಮಾದುವೇ ಕೈಯಿಂದ ದೂಡಿದ. ಗುಳ ಇಳಿಯುತ್ತಿತ್ತು. ಅಫ್ಸರ್ ಎಂಜಿನ್ನಿನ ಗುಂಡಿಗೆ ಕೈ ಹಾಕಿದ.

“ಎತ್‌ಬ್ಯಾಡಿ ಸಾಬ್ರೆ, ನಿಮ್ ದಮ್ಮಯ್ಯ. ಈ ಸಲ ಎತ್‌ಬ್ಯಾಡಿ.”

ಅಫ್ಸರ್ ಕೈ ಹಿಂದೆ ತೆಗೆದುಕೊಂಡು, ಸೀಟಿನಿಂದ ಇಳಿದು ಬಂದ. ಚಪ್ಪಲಿ ಬಿಟ್ಟು ಮಾದುವಿನ ಪಕ್ಕ ಮಣ್ಣಿನಲ್ಲಿ ಕೂತು, ತನ್ನ ಬಲಗಾಲನ್ನೂ ಅವನ ಕಾಲಿನ ಪಕ್ಕಕ್ಕೆ ಚಾಚಿದ.

“ಏಯ್, ಯಾರಾದರೂ ಎತ್ತ್ರೋ ಅದನ್ನ!” ಜೋಡಿದಾರರು ಟ್ರ್ಯಾಕ್ಟರಿನ ಸುತ್ತ ಓಡಿದರು. ಯಾವ ಗುಂಡಿ ಒತ್ತಬೇಕು, ಯಾವ ಹಿಡಿ ಎಳೆಯಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಮಲ್ದಾರರು ಜೇಬಿಗೆ ಕೈ ಹಾಕಿ ಪೆನ್ನಿಗಾಗಿ ತಡಕಾಡಿದರು.

ಗುಳ ಇನ್ನು ನಾಲ್ಕು ಬೆರಳು ಮೇಲಿತ್ತು.