ಮ್ಯೂನಿಕ್ ಪಂದ್ಯದ ಕೊನೆಯ ಸಾಲು

ಕಿವಿಯ ಕೆಳಗೆ ತಣ್ಣಗೆ ಏನೋ ಇಳಿಯುತ್ತಿದೆ, ನೊರೆ, ಕ್ಷೌರದ ಶೀನನ ಬ್ರಷ್ಷಿಗೆ ಯಾವಾಗಲೂ ನೀರು ಹೆಚ್ಚು, ಕನ್ನಡಿಯ ಗಡಿಯಾರದಲ್ಲಿ ಹನ್ನೆರಡು ಐವತ್ತೈದು, ತಿರುಗಿಸಿ ಓದಿದರೆ ಹನ್ನೊಂದು ಐದು, ಬೊಂಬಾಯಿ ಬಸ್ಸು ಕಾಪು ದಾಟಿ ಉಡುಪಿಗೆ ಬರುವುದು ಹನ್ನೊಂದೂವರೆಗೆ, ಅದರಲ್ಲಿ ವ್ಯಾಲೆಂಟೈನ್ ಇರುತ್ತಾನೆ, ಮಸ್ಕತ್ತಿಗೆ ಹೊರಟವನು, ಎರಡು ವರ್ಷ ಬರುವುದಿಲ್ಲ, ಬಸ್ಸು ಬರುವಷ್ಟರೊಳಗೆ ನಾನು ಇಲ್ಲಿ, ಇವರೆದುರು, ಬಾಯಿ ಬಿಡಬೇಕು, ಗಂಟಲ ಮೇಲೆ ಕತ್ತಿ ಇರುವಾಗ ಬಾಯಿ ಬಿಡುವುದು ಹೇಗೆ — ಒಳ್ಳೆಯ ನೆಪ, ಒಂಬತ್ತು ದಿನಗಳಿಂದ ಇಂಥವೇ ನೆಪಗಳು. ಹಿಂದಿನ ಬೆಂಚಿನಲ್ಲಿ ದಾಮೋದರ ಮಾಸ್ಟ್ರು, ಪಕ್ಕದಲ್ಲಿ ಬೀಡಿ ಡಿಪೊದ ಮುದ್ದಣ್ಣ, ಮಾತು ಯುರೋಪಿನ ಫುಟ್‌ಬಾಲ್ ಕಪ್ಪಿನ ಸೆಮಿಫೈನಲಿನದು, ಲಿವರ್‌ಪೂಲಿನಲ್ಲಿ ಸೊನ್ನೆ ಸೊನ್ನೆ, ಮ್ಯೂನಿಕ್‌ನಲ್ಲಿ ಒಂದು ಒಂದು, ಹಾಗಾದರೆ ಮೂರನೇ ಆಟ ಯಾವಾಗ ಮಾಸ್ಟ್ರೇ, ಪೇಪರಿನಲ್ಲಿ ಎಂತದೂ ಇಲ್ಲ ಅಲ್ವಾ, ಬರ್ತದೆ ಮಾರಾಯ, ನಮ್ಮ ಉಮಾನಾಥರೇ ಹೇಳಿದ್ದಾರಲ್ಲ. ಹೌದು, ನಾನೇ ಹೇಳಿದ್ದು, ಏಪ್ರಿಲ್ ಇಪ್ಪತ್ನಾಲ್ಕು, ಶುಕ್ರವಾರ, ಇದೇ ಅಂಗಡಿಯಲ್ಲಿ, ಸಮ ಅಂದರೆ ಸಮ, ಇನ್ನೊಂದು ಪಂದ್ಯ ಆಡಲೇಬೇಕು ಎಂದು, ಪತ್ರಿಕೆಯಲ್ಲಿ ಹದಿನಾಲ್ಕು ವರ್ಷ ಸುದ್ದಿ ತಿದ್ದಿದವನ ಗಾಂಭೀರ್ಯದಲ್ಲಿ.

ಅವತ್ತು ಈ ಕುರ್ಚಿಯಲ್ಲಿ ವ್ಯಾಲೆಂಟೈನ್ ಇದ್ದ, ಕಾಪುವಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುವವ, ಶಾರ್ಟ್‌ವೇವ್‌ನಲ್ಲಿ ಲಂಡನ್ ಹಿಡಿದು ಯುರೋಪಿನ ಫಲಿತಾಂಶ ಕೇಳಿ ಬಸ್ಸು ಹತ್ತಿ ಬಂದು ನಮಗೆ ಹೇಳುವವ, ಎಪ್ಪತ್ತೇಳರಲ್ಲಿ ರೋಮಿನಲ್ಲಿ ಲಿವರ್‌ಪೂಲ್ ಮೂರು-ಒಂದರಿಂದ ಕಪ್ ಗೆದ್ದದ್ದನ್ನು ಪೇಪರಿಗಿಂತ ಮೊದಲು ತಂದವ, ಅವನು, ಇನ್ನೊಂದು ಆಟ ಇಲ್ಲ, ಲಿವರ್‌ಪೂಲ್ ಫೈನಲಿಗೆ ಹೋಯಿತು, ಎದುರಾಳಿಯ ಊರಿನಲ್ಲಿ ಹೊಡೆದ ಗೋಲಿಗೆ ತೂಕ ಹೆಚ್ಚಂತೆ, ನಾನು ಕಿವಿಯಾರೆ ಕೇಳಿದ್ದು ಎಂದ, ಮುದ್ದಣ್ಣ ತೊಡೆ ತಟ್ಟಿ ನಕ್ಕ, ಹಾಗಾದ್ರೆ ನಾನು ಮಾವನ ಮನೆಯಲ್ಲಿ ಉಂಡ ಒಂದು ಊಟ ಎರಡು ಲೆಕ್ಕವೋ ವ್ಯಾಲಿ, ಎಲ್ಲರೂ ನಕ್ಕರು, ನಾನೂ. ಆಮೇಲೆ ಮಾಸ್ಟ್ರು, ಅವರಿಗೆ ತಮಾಷೆ ಬರುವುದಿಲ್ಲ, ಇಷ್ಟು ವರ್ಷ ಹೇಳಿದ್ದೂ ಹೀಗೆಯೋ, ರೇಡಿಯೊದ ಗರಗರದಿಂದ ನೀನೇ ಕಟ್ಟಿದ್ದೋ. ಅವನು ನನ್ನ ಕಡೆ ನೋಡಿದ, ಉಮಾನಾಥಣ್ಣ, ನೀವಾದರೂ ಹೇಳಿ. ಅಚ್ಚಾಗದ್ದು ಸುದ್ದಿಯಲ್ಲ ವ್ಯಾಲಿ ಎಂದೆ. ಅವನು ಎದ್ದ, ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಯ ಮೇಲೆ ನೊರೆ ಹಾಗೆಯೇ, ಕುತ್ತಿಗೆಯ ಬಟ್ಟೆ ಮಡಚಿ ಕುರ್ಚಿಯ ಮೇಲಿಟ್ಟು ಹೊರಗೆ ನಡೆದ, ಕಾಪು ಬಸ್ಸು ಹತ್ತಿದ, ಕಿಟಕಿಯಲ್ಲಿ ಆ ಬಿಳಿ ಕೆನ್ನೆ.

ಕತ್ತಿ ಈಗ ಗದ್ದದ ಕೆಳಗೆ. ಅದೇ ಸಂಜೆ ಆಫೀಸಿನಲ್ಲಿ ಟೆಲಿಪ್ರಿಂಟರ್ ಹಾಳೆಗಳ ಕಟ್ಟು ಬಿಚ್ಚಿದೆ, ಹಿಂದಿನ ದಿನದ್ದು, ಮ್ಯೂನಿಕ್, ಏಳು ಸಾಲು, ನನ್ನದೇ ಕೆಂಪು ಪೆನ್ಸಿಲು, ಜಾಗ ಸಾಲದಿದ್ದರೆ ಸುದ್ದಿಯನ್ನು ಬಾಲದಿಂದ ಕತ್ತರಿಸುವುದು ನಮ್ಮ ಕ್ರಮ, ಮುಖ್ಯವಾದದ್ದು ತಲೆಯಲ್ಲಿರುತ್ತದೆ ಎಂಬ ನಂಬಿಕೆ, ಓದದೆ ಎರಡು ಸಾಲು ಉಳಿಸಿ ಐದು ಸಾಲು ಹೊಡೆದುಹಾಕಿದ್ದೆ, ಏಳನೆಯದರಲ್ಲಿತ್ತು, ಎದುರಾಳಿಯ ಅಂಗಳದಲ್ಲಿ ಗಳಿಸಿದ ಗೋಲಿನ ಆಧಾರದಲ್ಲಿ ಲಿವರ್‌ಪೂಲ್ ಫೈನಲಿಗೆ. ಸತ್ತವರ ಇನಿಷಿಯಲ್ ತಪ್ಪಿದರೂ ತಿದ್ದುಪಡಿ ಹಾಕಿಸುವವನು ನಾನು. ಹಾಳೆಯನ್ನು ಮಡಚಿ ಜೇಬಿಗೆ ಹಾಕಿದೆ, ಅಷ್ಟೇ. ಬುಧವಾರ ಮೀನು ಮಾರ್ಕೆಟಿನಲ್ಲಿ ಅವನ ಹೆಂಡತಿ ಕಾನ್ಸೆಪ್ಟಾ ಸಿಕ್ಕಿದಳು, ಭಾನುವಾರದ ಬಸ್ಸಿಗೆ ಹೋಗ್ತಾರೆ, ಬನ್ನಂಜೆಗೆ, ಈ ಶೀನನ ಅಂಗಡಿಗೆ, ಬರುವುದಿಲ್ಲವಂತೆ, ಈಗ ರೇಡಿಯೊ ಹಾಕುವುದೇ ಇಲ್ಲ ಮಾರಾಯ್ರೇ, ಮನೆಯಲ್ಲಿ ಸದ್ದೇ ಇಲ್ಲ, ನಿಮ್ಮಲ್ಲಿ ಎಂತ ಆದದ್ದು? ಬಂಗುಡೆಯ ರೇಟು ಕೇಳಿದೆ ನಾನು. ಇದೇ ಇಪ್ಪತ್ತೇಳಕ್ಕೆ ಪ್ಯಾರಿಸ್ಸಿನಲ್ಲಿ ಫೈನಲ್, ಆಗ ಇವರಿಗೆ ತಾನಾಗಿಯೇ ತಿಳಿಯುತ್ತದೆ, ನಾನು ಸುಮ್ಮನಿದ್ದರೂ ಆಗುತ್ತದೆ, ಆದರೆ ಆಗ ಅವನು ಮಸ್ಕತ್ತಿನಲ್ಲಿ, ಸುಳ್ಳುಗಾರನಾಗಿಯೇ ಊರು ಬಿಟ್ಟವನು —

ಶೀನ, ಒಂದು ನಿಮಿಷ. ಕೈ ಎತ್ತಿದ್ದೇನೆ, ಕತ್ತಿ ನಿಂತಿತು. ಮಾಸ್ಟ್ರೇ, ವ್ಯಾಲೆಂಟೈನ್ ಹೇಳಿದ್ದೇ ಸರಿ. ನನ್ನ ದನಿಯೇ, ತೆಳ್ಳಗೆ. ಬಟ್ಟೆಯಡಿಯ ಜೇಬಿನಿಂದ ಹಾಳೆ ತೆಗೆದು ಹಿಂದಕ್ಕೆ ಚಾಚಿದೆ, ಮಾಸ್ಟ್ರು ಕನ್ನಡಕ ಏರಿಸಿ ಓದಿದರು, ಹೌದಲ್ಲ ಮುದ್ದಣ್ಣ, ಇಲ್ಲಿ ಇಂಗ್ಲಿಷಿನಲ್ಲಿ ಉಂಟು, ಹಾಗಾದ್ರೆ ಸರಿ, ಫೈನಲಿನಲ್ಲಿ ಎದುರಿಗೆ ಯಾರು, ಮ್ಯಾಡ್ರಿಡ್ಡೋ, ಛೆ, ಕಷ್ಟ ಉಂಟು. ಇಷ್ಟೇ, ಅರ್ಧ ನಿಮಿಷ, ಒಂದು ಕಾಗದ ಕಂಡದ್ದೇ ನಂಬಿದರು. ಶೀನ ಮಾತ್ರ ಕತ್ತಿಯನ್ನು ಅಂಗೈಯಲ್ಲಿ ಒರೆಸುತ್ತ ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದಾನೆ, ಇದು ನಿಮಗೆ ಯಾವತ್ತು ಗೊತ್ತಾಯ್ತು ಉಮಾನಾಥಣ್ಣ? ಹಾಳೆಯ ಮೂಲೆಯಲ್ಲಿ ಸುದ್ದಿ ಬಂದ ತಾರೀಕಷ್ಟೇ ಇದೆ, ನಾನು ಓದಿದ್ದು ಯಾವತ್ತೆಂದು ಇಲ್ಲ, ಹೇಳದಿದ್ದರೂ ನಡೆಯುತ್ತದೆ, ಅವತ್ತೇ ಸಂಜೆ ಎಂದೆ, ಆ ಸಾಲು ಹೊಡೆದದ್ದೂ ನಾನೇ. ಮುದ್ದಣ್ಣ ಎದ್ದು ಚಪ್ಪಲಿ ಹುಡುಕುತ್ತಿದ್ದಾನೆ, ಬಸ್ಸು ಹತ್ತು ನಿಮಿಷ ನಿಲ್ತದೆ, ಬನ್ನಿ, ಎಲ್ಲರೂ ಹೋಗುವ, ನಾನೂ ನಕ್ಕಿದ್ದೇನೆ, ಆದರೆ ಮೊದಲು ನೀವು ಹೇಳಬೇಕು. ಹೇಳುತ್ತೇನೆ, ಕಿಟಕಿಯ ಕೆಳಗೆ ನಿಂತು, ಎಲ್ಲರೂ ಕೇಳುವಂತೆ, ಮೊದಲ ವಾಕ್ಯ ಯಾವುದು, ವ್ಯಾಲಿ, ನೀನು ಹೇಳಿದ್ದು — ಅಲ್ಲ, ವ್ಯಾಲಿ, ನಾನು ಅವತ್ತು — ಹದಿನಾಲ್ಕು ವರ್ಷ ಇನ್ನೊಬ್ಬರ ವಾಕ್ಯ ತಿದ್ದಿದವನಿಗೆ ಒಂದು ವಾಕ್ಯ ಸಿಗುತ್ತಿಲ್ಲ, ವ್ಯಾಲಿ, ನಾನು — ಕಣ್ಣೆದುರು ಅವತ್ತಿನ ಕಾಪು ಬಸ್ಸಿನ ಕಿಟಕಿ, ಎಡಗೆನ್ನೆ, ಗಾಳಿಗೆ ಒಣಗುತ್ತಿರುವ ನೊರೆ, ಅವನು ಅದನ್ನು ಒರೆಸಿಕೊಳ್ಳುತ್ತಿಲ್ಲ.