ಅತ್ತೆಯ ಬೆಳಗಿನ ಕಷಾಯ

"ನಾವು ಕೊಟ್ಟ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತೀರಾ ಅಜ್ಜಿ?"

"ಏನೂ ಇಲ್ಲ ಡಾಕ್ಟ್ರೇ. ನಿಮ್ಮ ಮಾತ್ರೆ ಇರುವಾಗ ಬೇರೆ ಯಾಕೆ?" ಎಂದರು ಬೊಕ್‌ಸುನ್.

ಮಂಚದ ಪಕ್ಕ ನಿಂತಿದ್ದ ಸೊಸೆ ಯೊನ್ಹಿ ತಟ್ಟನೆ ಅತ್ತೆಯ ಮುಖ ನೋಡಿದಳು. ಇನ್ನೇನು ಅತ್ತೆಯ ಪಿತ್ತಕೋಶದ ಆಪರೇಷನ್. ಬೇರಿನ ಕಷಾಯ ಕುಡಿಯುವವರಿಗೆ ರಕ್ತ ಬೇಗ ನಿಲ್ಲದೆ ಹೋಗಬಹುದು, ಮೊದಲೇ ತಿಳಿಸಿ ಎಂದು ಗೋಡೆಯ ಮೇಲೆ ಕೊರಿಯನ್ನಿನಲ್ಲೇ ಬರೆದು ಅಂಟಿಸಿದ್ದನ್ನು ಅವಳು ಈಗಷ್ಟೇ ಓದಿದ್ದಳು. ಲಾಸ್ ಏಂಜಲೀಸಿನ ಕೊರಿಯನ್ ಕೇರಿಯ ನಾಟಿ ವೈದ್ಯರಲ್ಲಿ ಜಿನ್ಸೆಂಗ್ ಬೇರಿನ ಕಷಾಯದ ಪೊಟ್ಟಣ ಕೊಂಡು ತರುತ್ತಿದ್ದವಳು ಅವಳೇ. ದಿನಾ ಬೆಳಿಗ್ಗೆ ಬೆಚ್ಚಗೆ ಮಾಡಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಕೊಟ್ಟ ಮೇಲೆಯೇ ಕೆಲಸಕ್ಕೆ ಹೊರಡುತ್ತಿದ್ದಳು.

ಅತ್ತೆ ಯಾಕೆ ಮುಚ್ಚಿಟ್ಟರೆಂದು ಅವಳಿಗೆ ಗೊತ್ತು. ಕಷಾಯದ ಮಾತೆತ್ತಿದರೆ ನಿಮ್ಮ ಮದ್ದು ಸಾಲದು ಎಂದು ಡಾಕ್ಟರ ಮುಖಕ್ಕೇ ಹೇಳಿದಂತೆ. ಅತ್ತೆ ಹೋಗುವ ಚರ್ಚಿನ ಮುದುಕಿಯರೆಲ್ಲ ಹೀಗೇ, ಆಸ್ಪತ್ರೆಗೆ ಬಂದರೆ ಬಾಯಿಗೆ ಬೀಗ. ಆದರೆ ಹೊರಗಿನವರ ಎದುರು ಅತ್ತೆಯ ಮಾತು ಸುಳ್ಳೆನ್ನುವುದು ಹೇಗೆ? ಮದುವೆಯಾಗಿ ಬಂದಾಗಿನಿಂದ ಅವಳು ಹಾಗೆ ಮಾಡಿದ್ದಿಲ್ಲ.

ಡಾಕ್ಟರು ಬಾಗಿಲ ಕಡೆ ತಿರುಗಿದರು.

"ಡಾಕ್ಟ್ರೇ... ಅವ್ರು ಕಷಾಯ ಕುಡೀತಾರೆ. ದಿನಾ. ನಾನೇ ಕೊಡೋದು."

ಅತ್ತೆಯ ನೋಟ ಸುಡುವಂತಿತ್ತು. ಡಾಕ್ಟರು ವಾಪಸು ಬಂದರು. "ಹೇಳಿದ್ದು ಒಳ್ಳೇದಾಯ್ತು. ಹಾಗಾದ್ರೆ ಇವತ್ತು ಬೇಡ, ಎರಡು ವಾರ ಮುಂದಕ್ಕೆ ಹಾಕೋಣ."

"ಅಯ್ಯೋ, ಈ ನೋವಿಟ್ಕೊಂಡು ಎರಡು ವಾರಾನಾ!" ಬೊಕ್‌ಸುನ್ ಎದ್ದೇ ಕೂತರು. "ಕುಡಿದಿಲ್ಲ ಡಾಕ್ಟ್ರೇ! ಒಂದು ಗುಟುಕೂ ಇಲ್ಲ!"

"ಬಟ್ಟಲು ಖಾಲಿ ಆಗಿರ್ತಿತ್ತಲ್ಲ ಅತ್ತೆ?"

"ಆಗದೆ ಏನು? ನೀನು ಹೊಸ್ತಿಲು ದಾಟಿದ ಕೂಡ್ಲೇ ಸೊಪ್ಪಿನ ಕುಂಡಕ್ಕೆ ಸುರೀತಿದ್ದೆ. ಎರಡು ಕೈಲಿ ಬಟ್ಟಲು ಹಿಡ್ಕೊಂಡು ದೇವರ ಮುಂದೆ ನಿಂತ ಹಾಗೆ ನಿಲ್ತೀಯಲ್ಲೇ, ಹೊಟ್ಟೆ ತೊಳಸುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಯೊನ್ಹಿಗೆ ಬಾಲ್ಕನಿಯ ಪೆರಿಲ್ಲಾ ಸೊಪ್ಪು ನೆನಪಾಯಿತು. ಈ ವರ್ಷ ಒಂದೊಂದು ಎಲೆಯೂ ಅಂಗೈಯಗಲ. ಮಣ್ಣಿನಿಂದ ಏನೋ ಕಹಿ ವಾಸನೆ ಬರುತ್ತಿತ್ತು. ಎಲ್ಲ ಅತ್ತೆಯ ಕೈಗುಣ ಎಂದುಕೊಂಡಿದ್ದಳು! ಸ್ಟೂಲೆಳೆದು ಕೂತಳು. ನಗು ಬಂತು, ಜೊತೆಗೇ ಕಣ್ಣೀರೂ.

"ನಮ್ಮಮ್ಮನೂ ಹೀಗೇ," ಎಂದು ಡಾಕ್ಟರೂ ನಕ್ಕರು. "ಆದ್ರೂ ರಕ್ತ ಒಮ್ಮೆ ನೋಡ್ಬಿಡ್ತೀನಿ."

ರಕ್ತದಲ್ಲಿ ಏನೂ ತೊಂದರೆ ಕಾಣಲಿಲ್ಲ. ಆಪರೇಷನ್ನಿಗೆ ಮಂಚ ತಳ್ಳಿಕೊಂಡು ಹೊರಟಾಗ ಅತ್ತೆ ತಲೆಯೆತ್ತಿ ಕರೆದರು.

"ಪೊಟ್ಟಣ ಇನ್ನೂ ಉಳಿದಿದ್ಯೇನೇ?"

"ಇದೆ ಅತ್ತೆ."

"ಬಿಸಾಕ್ಬೇಡ. ಸೊಪ್ಪಿಗೆ ಅಭ್ಯಾಸ ಆಗ್ಬಿಟ್ಟಿದೆ."